ಎಂಟರ ಜಾಗದಲ್ಲಿ ಹನ್ನೊಂದು

ಏಳು ಪಂಕ್ಚರ್ ಹಾಕಿ ಸೊಂಟ ಹಿಡಿದುಕೊಂಡು ಕೂತಿದ್ದ ಸೈಕಲ್ ರಿಪೇರಿಯ ಜಬ್ಬಾರ್ ಸಾಬರಿಗೆ ವಾದ ಮಾಡುವ ತ್ರಾಣವೇ ಇರಲಿಲ್ಲ. ಆಗಲೇ ಬಂದರು ಪುರಸಭೆಯ ಮುಖ್ಯಾಧಿಕಾರಿ ಚನ್ನವೀರಯ್ಯ. ಅವರ ಹನ್ನೊಂದು ಗೇರಿನ ಹೊಸ ಸೈಕಲ್ಲಿನ ಚೈನು ತುಂಡಾಗಿತ್ತು. ಕೈಯಲ್ಲಿ ಎಂಟು ಗೇರಿನ ಹಳೇ ಸೈಕಲ್ಲಿನ ಚೈನು.

"ಇದನ್ನ ಹಾಕು."

"ಇದು ದಪ್ಪ ಸಾರ್. ಕೂರಲ್ಲ."

"ಚೈನು ಅಂದ್ರೆ ಚೈನು. ಹಾಕ್ಲಿಲ್ಲಾಂದ್ರೆ ನಾಳೆ ನಿನ್ನ ಅಂಗಡಿಗೆ ಬೀಗ."

ಸಾಬರು ನಿಟ್ಟುಸಿರು ಬಿಟ್ಟರು. "ಆಯ್ತು ಸಾರ್. ಚೈನು ಜೋಡಿಸೋ ಸಾಮಾನು ಆ ಗೋಡೇಲಿ ನೇತಾಕಿದೀನಿ. ನಂಗೆ ಏಳಕ್ಕಾಗ್ತಿಲ್ಲ. ಸ್ವಲ್ಪ ತಂದ್ಕೊಡ್ತೀರಾ?"

ಗೋಡೆಯ ಮುಂದೆ ರಿಪೇರಿ ಸೈಕಲ್ಲುಗಳ ಸಾಲು. ಚನ್ನವೀರಯ್ಯ ಸಾಹೇಬರು ಎರಡರ ನಡುವೆ ನುಗ್ಗಿದರು. ಹೊಟ್ಟೆ ಸಿಕ್ಕಿಕೊಂಡಿತು. ಎಡಕ್ಕೆ ಸರಿದರೆ ಎಡಗಡೆಯದು ಉಜ್ಜಿತು, ಬಲಕ್ಕೆ ಸರಿದರೆ ಬಲಗಡೆಯದರ ಬೆಲ್ಲು ಬಡಿದುಕೊಂಡಿತು.

"ಇಷ್ಟು ಒತ್ತೊತ್ತಾಗಿ ನಿಲ್ಲಿಸೋದೇನಯ್ಯಾ?"

"ಮೊದಲು ಇಲ್ಲಿ ಎಂಟೇ ನಿಲ್ತಿದ್ವು ಸಾರ್, ಮೂರು ಬೀದೀಲಿ. ಒಂದೂ ಹೊರಗಿರಬಾರದು ಅಂತ ತಾವೇ ನೋಟಿಸ್ ಕೊಟ್ರಿ. ಈಗ ಅದೇ ಜಾಗದಲ್ಲಿ ಹನ್ನೊಂದು. ನಿಮ್ಮ ಹೊಸ ಸೈಕಲ್ಲಿನ ಗೇರಿನ ಹಲ್ಲುಚಕ್ರಗಳೂ ಹಿಂಗೇ ಎಂಟರ ಜಾಗದಲ್ಲಿ ಹನ್ನೊಂದು ಒತ್ತೊತ್ತಾಗಿ ನಿಂತಿರೋದು."

ಸಾಹೇಬರು ಕೈಯಲ್ಲಿದ್ದ ಚೈನು ನೋಡಿದರು, ತಮ್ಮ ಹೊಟ್ಟೆ ನೋಡಿಕೊಂಡರು.

"ತೆಳು ಚೈನೇ ಹಾಕು ಮಾರಾಯ. ಮೊದಲು ನನ್ನ ಬಿಡಿಸು."

ಸಾಬರು ಕೂತಲ್ಲಿಂದ ಏಳಲಿಲ್ಲ. "ಬಿಡಿಸಬೇಕಂದ್ರೆ ಮೂರು ಸೈಕಲ್ ಬೀದಿಗೆ ಹಾಕ್ಬೇಕು ಸಾರ್. ಅಪ್ಪಣೆ ಆಗತ್ತಾ?"