ಉಸ್ತಾದರಿಗೆ ಮನೆ ಕಟ್ಟಿದ ಚೇಕಬ್ಬ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಕೇಳಬೇಡಿ ಮಕ್ಕಳೇ, ನನ್ನ ಅಜ್ಜಿಗೂ ಗೊತ್ತಿರಲಿಲ್ಲ, ಹೊಳೆ ಕಡಲಿಗೆ ಸೇರುವಲ್ಲಿ ಒಂದು ಊರಿತ್ತಂತೆ. ನಮ್ಮದೇ ಅನ್ನಿ. ಅಲ್ಲಿ ಚೇಕಬ್ಬ ಅಂತ ಒಬ್ಬರಿದ್ದರಂತೆ. ದೋಣಿ ಕಟ್ಟುವ ಕೆಲಸ. ಅವರು ಉಳಿ ಹಿಡಿದರೆ ಇಲ್ಲಿ ಕೆತ್ತು ಅಂತ ಮರವೇ ಹೇಳುತ್ತಿತ್ತಂತೆ. ಊರ ಮದರಸದ ಯಜಮಾನಿಕೆಯೂ ಅವರದೇ.

ಆ ಮದರಸದಲ್ಲಿ ಓದು ಕಲಿಸುವ ಯಾವ ಉಸ್ತಾದರೂ ನಿಲ್ಲುತ್ತಿರಲಿಲ್ಲವಂತೆ. ರಂಜಾನಿಗೆ ತಮ್ಮೂರಿಗೆಂದು ಹೋದವರು ಅತ್ತಲೇ ಹೋಗುವುದು. ಹೊಸಬರು ಬಂದರೆ ಮತ್ತೆ ಮೊದಲಕ್ಷರದಿಂದ, ಅಲೀಫ್, ಬಾ, ತಾ. ಮೀಸೆ ಬಂದ ಹುಡುಗರೂ ಅಲೀಫಿನಲ್ಲೇ ಇದ್ದರಂತೆ! ಚೇಕಬ್ಬರ ಮಗಳು ರುಕಿಯಾಳದ್ದೂ ಅದೇ ಗತಿ. ಮಗಳು ಕುರಾನ್ ಒಮ್ಮೆ ಪೂರ್ತಿ ಓದಿದ್ದನ್ನು ಕೇಳಿಯೇ ಕಣ್ಣು ಮುಚ್ಚಬೇಕೆಂಬ ಆಸೆ ಅವರಿಗೆ.

ಊರವರೇನೂ ಕೆಟ್ಟವರಲ್ಲ. ಉಸ್ತಾದರಿಗೆ ದಿನಕ್ಕೊಂದು ಮನೆಯಲ್ಲಿ ಊಟ. ಮನೆಯವರು ಗಂಜಿ ಕುಡಿದಾದರೂ ಅವರಿಗೆ ಕೋಳಿ ಸಾರು, ರೊಟ್ಟಿ ಬಡಿಸುತ್ತಿದ್ದರಂತೆ.

ಒಂದು ವರ್ಷ ಆದಂ ಉಸ್ತಾದರು ಗಂಟು ಕಟ್ಟಿದಾಗ ಚೇಕಬ್ಬ ದಾರಿಗೆ ಅಡ್ಡ ನಿಂತು, ನಮ್ಮಿಂದ ಏನು ಕಡಿಮೆಯಾಯಿತು ಎಂದು ಕೇಳಿದರಂತೆ. ಉಸ್ತಾದರ ಕಣ್ಣು ತುಂಬಿತಂತೆ.

"ಚೇಕಬ್ಬಾಕ, ನಿಮ್ಮೂರಲ್ಲಿ ನಾನು ದಿನಾ ನೆಂಟ. ಹೆಂಡತಿ ಮಕ್ಕಳು ಘಟ್ಟದ ಮೇಲೆ. ನೆಂಟ ಎಷ್ಟು ದಿನ ಅಂತ ಇರುವುದು, ನೀವೇ ಹೇಳಿ?"

ಸಂಸಾರ ಕರಕೊಂಡು ಬನ್ನಿ ಅಂದರಂತೆ ಚೇಕಬ್ಬ. ದೋಣಿಗೆಂದು ಒಣಗಿಸಿಟ್ಟ ಮರವನ್ನೆಲ್ಲ ಮದರಸದ ಪಕ್ಕಕ್ಕೆ ಹೊರಿಸಿದರಂತೆ. ಉಸ್ತಾದರು ಘಟ್ಟ ಹತ್ತಿ ಇಳಿಯುವಷ್ಟರಲ್ಲಿ ಮನೆ ಎದ್ದಿತ್ತು ಅನ್ನುತ್ತಾರೆ. ಸರದಿ ಊಟ ಇನ್ನು ಬೇಡ, ಅವರ ಮನೆಗೆ ಅಕ್ಕಿ ಕಳಿಸಿ ಸಾಕು ಅಂತ ಚೇಕಬ್ಬ ಅಂದಾಗ ಊರವರು ಜಗಳಕ್ಕೇ ಬಂದರಂತೆ, ಉಸ್ತಾದರು ಉಣ್ಣದಿದ್ದರೆ ನಮ್ಮ ಮನೆಗಳ ಬರಕತ್ತು, ಏಳಿಗೆಯೆಲ್ಲ ಹೋಗುತ್ತದೆ ಅಂತ. ಚೇಕಬ್ಬ ಜಗ್ಗಲಿಲ್ಲ. ಹಟಮಾರಿ!

ಉಸ್ತಾದರು ಉಳಿದರು. ಅವರ ಹೆಂಡತಿ ಆಮಿನಮ್ಮ ಹೆಣ್ಣುಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಓದಿಸಿದರು. ರುಕಿಯಾ ಕುರಾನ್ ಮುಗಿಸಿದ ದಿನ ಚೇಕಬ್ಬ ಮಗುವಿನ ಹಾಗೆ ಅತ್ತರಂತೆ. ಆದರೂ ಸುಮ್ಮನೆ ಕೂರಲಿಲ್ಲ. ಉಸ್ತಾದರು ಗಟ್ಟಿಯಾಗಿರುವಾಗಲೇ, ನಾಳೆ ಕಲಿಸುವವರು ಯಾರು ಎಂದು ಹುಡುಕತೊಡಗಿದರಂತೆ. ಜೋರಾಗಿ ಓದುವ ಮಕ್ಕಳನ್ನಲ್ಲ, ಪಕ್ಕದವರಿಗೆ ತಾಳ್ಮೆಯಿಂದ ಹೇಳಿಕೊಡುವವರನ್ನು ನೋಡಿಟ್ಟುಕೊಂಡರಂತೆ. ಆಮೇಲೆ ನಮ್ಮ ಮದರಸದ ಬಾಗಿಲು ಮುಚ್ಚಿದ್ದೇ ಇಲ್ಲ.

ಅಂಥವರು ಈಗೆಲ್ಲಿ? ನೆನೆದರೆ ಸಂಕಟವಾಗುತ್ತದೆ. ಆದರೆ ಇವತ್ತಿಗೂ ಹೊಸ ಉಸ್ತಾದರು ಸಂಸಾರದೊಂದಿಗೆ ಬಂದ ದಿನ ಯಾರೂ ಅವರನ್ನು ಊಟಕ್ಕೆ ಕರೆಯುವುದಿಲ್ಲ. ಮನೆಮನೆಯಿಂದ ಅಕ್ಕಿ, ತೆಂಗಿನಕಾಯಿ, ಹಸಿಮೀನು ಹೋಗುತ್ತದೆ. ಅವರ ಅಡುಗೆಮನೆಯಿಂದ ಸಾರಿನ ಪರಿಮಳ ಬರುವವರೆಗೆ ನಮ್ಮ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ಎಷ್ಟು ಹಸಿದರೂ ಕಾಯುತ್ತೇವೆ.