ಬಾಗಿಲಿಗೆ ಅಂಟಿಸಿದ ಪಟ್ಟಿ

ಸ್ಪೇನ್ ದೇಶದ ಎಬ್ರೊ ನದಿಯ ದಂಡೆಯಲ್ಲಿ ಫೆರ್ಮಿನ್ ಎಂಬ ವೃದ್ಧರು ತರಕಾರಿ ಬೆಳೆದುಕೊಂಡು ಒಬ್ಬರೇ ಇದ್ದರು. ಎಂಬತ್ತೆರಡು ವಯಸ್ಸು. ಒಂದು ಕಾಲದಲ್ಲಿ ಅವರು ಫುಟ್‌ಬಾಲ್ ಕಲಿಸುತ್ತಿದ್ದರು.

ಆ ದೇಶದ ಆಟಗಾರರು ಆಟ ಕಲಿಸುವವರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಮಿಸ್ಟರ್ ಎನ್ನುತ್ತಾರೆ. ಇಂಗ್ಲಿಷಿನ ಒಂದಕ್ಷರ ಬಾರದವನೂ ಮಿಸ್ಟರ್ ಎಂದೇ ಅನ್ನುತ್ತಾನೆ. ನಮ್ಮ ಬಾಯಿಗೆ ಅದು ಮೇಷ್ಟ್ರು. ಈ ಕಥೆಯಲ್ಲೂ ಹಾಗೆಯೇ ಇರಲಿ.

ಮೇ ತಿಂಗಳ ಒಂದು ಶುಕ್ರವಾರ ಬೆಳಗ್ಗೆ ಅವರ ಶಿಷ್ಯ ಎಲೋಯ್ ಎರಡು ಗಂಟೆ ಕಾರು ಓಡಿಸಿಕೊಂಡು ಬಂದ. ಶಿಷ್ಯ ಅಂದರೆ ಚಿಕ್ಕವನಲ್ಲ. ನಲವತ್ತೈದು ತುಂಬಿತ್ತು, ಕಿವಿಯ ಮೇಲೆ ನರೆ ಬಂದಿತ್ತು.

ಹದಿನಾಲ್ಕು ವರ್ಷ ಅವನು ಮೈದಾನದ ನಡುಮಧ್ಯದಲ್ಲಿ ಆಡಿದ್ದ. ಗೋಲು ಹೊಡೆಯುವವರಿಗೆ ಚೆಂಡು ಒದಗಿಸುವುದು ಅವನ ಕೆಲಸ. ಉಂಡವರು ಬಡಿಸಿದವನ ಹೆಸರು ನೆನಪಿಟ್ಟುಕೊಳ್ಳುವುದು ಕಡಿಮೆ. ಎಲೋಯ್‌ನ ಹೆಸರನ್ನೂ ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಕಾಲು ಸೋತ ಮೇಲೆ ಅವನೇ ಮೇಷ್ಟ್ರಾದ. ದೊಡ್ಡ ತಂಡಗಳು ಕರೆಯಲಿಲ್ಲ. ಮೂರನೇ ದರ್ಜೆಯವು, ನಾಲ್ಕನೇ ದರ್ಜೆಯವು ಕರೆದವು, ಸೋತಾಗ ಮನೆಗೆ ಕಳಿಸಿದವು. ಒಂಬತ್ತು ವರ್ಷದಲ್ಲಿ ಇದು ಆರನೆಯ ಊರು. ಪ್ರತಿ ಸಲ ಕೆಲಸ ಹೋದಾಗಲೂ ಅವನು ಈ ದಂಡೆಗೆ ಬಂದು ಗುರುವಿನ ಮುಂದೆ ಕೂರುತ್ತಿದ್ದ.

"ಏನೋ, ಅಲ್ಲಿಂದಲೂ ಓಡಿಸಿದ್ರಾ?" ಎಂದರು ಮೇಷ್ಟ್ರು.

"ಇನ್ನೂ ಇಲ್ಲ ಮೇಷ್ಟ್ರೇ. ನಾಡಿದ್ದು ಭಾನುವಾರ ಕೊನೇ ಪಂದ್ಯ. ಸೋತರೆ ತಂಡ ಕೆಳಗಿನ ದರ್ಜೆಗೆ ಬೀಳತ್ತೆ. ಆಗ ಓಡಿಸ್ತಾರೆ."

"ಹಾಗಾದ್ರೆ ಎರಡು ದಿನ ಟೈಮಿದೆ. ಬಗ್ಗು."

ಅವರು ಕೋಲಿನಿಂದ ಕ್ಯಾರೆಟ್ ಪಾತಿಯನ್ನು ತೋರಿಸಿದರು. ಬೀಜ ಒತ್ತಾಗಿ ಬಿದ್ದು ಸಸಿಗಳು ಒಂದರ ಮೇಲೊಂದು ಎದ್ದಿದ್ದವು. ಎಲೋಯ್ ಕೋಟು ಬಿಚ್ಚಿಟ್ಟು ಮಂಡಿಯೂರಿದ. ಒಂದು ಬಿಟ್ಟು ಮೂರು ಕೀಳಬೇಕಿತ್ತು. ಕಿತ್ತಿದ್ದನ್ನು ಹಿಂದಕ್ಕೆ ಎಸೆಯುತ್ತ, ತಿರುಗಿ ನೋಡದೆ ಮುಂದೆ ಹೋದ.

"ಇವನ್ನ ಬೇರೆ ಕಡೆ ಊರಬಹುದಾ?" ಎಂದು ಕೇಳಿದ.

"ಕ್ಯಾರೆಟ್ ಕಿತ್ತ ಮೇಲೆ ಮುಗೀತು. ಮತ್ತೆ ನಿಲ್ಲಲ್ಲ."

ಎಲೋಯ್ ಕೈ ನಿಲ್ಲಿಸಿದ. ಅವನ ಕಣ್ಣು ತುಂಬಿ ಬಂತು. "ಅರ್ಥವಾಯ್ತು ಮೇಷ್ಟ್ರೇ. ನಾನು ಬಾಯಿ ಬಿಡೋ ಮುಂಚೆನೇ ಉತ್ತರ ಕೊಟ್ರಿ."

"ಏನು ಅರ್ಥವಾಯ್ತು?"

"ಕೆಲವನ್ನ ಕಿತ್ತರೇನೇ ಉಳಿದವು ಬೆಳೆಯೋದು. ಕೀಳುವವನು ಮರುಗಬಾರದು."

"ಸೊಂಟ ಬಗ್ಗಲ್ಲ ಕಣೋ ನನಗೆ. ನೀನು ಬಂದೆ, ಕೀಳಿಸಿದೆ. ಇದರಲ್ಲಿ ಪಾಠ ಎಲ್ಲಿಂದ ಬಂತು?"

ಎಲೋಯ್ ಮುಗುಳ್ನಕ್ಕ. ಗುರುಗಳಾದವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಪಾಠವಿಲ್ಲ ಎನ್ನುವುದೇ ದೊಡ್ಡ ಪಾಠ ಅಂದುಕೊಂಡ. ನಂಬಿದವನ ಕಣ್ಣಿಗೆ ಗುರು ಕೆಮ್ಮಿದರೂ ಉಪದೇಶವೇ.

ಆಮೇಲೆ ಬಂದ ಕಾರಣ ಹೇಳಿದ.

ಅವನ ತಂಡದ ನಾಯಕ ಉರ್ಕೊ. ಮೂವತ್ತಾರು ವರ್ಷದವನು. ಹಿಂದೆ ಎಲೋಯ್‌ನ ಜೊತೆಗೇ ಆಡಿದವನು, ಅವನದೇ ಜಾಗದಲ್ಲಿ, ನಡುಮಧ್ಯದಲ್ಲಿ. ಎಲೋಯ್ ಕರೆದನೆಂದು ಹೆಂಡತಿಯನ್ನು ಕಟ್ಟಿಕೊಂಡು ಈ ಸಣ್ಣ ಊರಿಗೆ ಬಂದಿದ್ದ. ಭಾನುವಾರದ ಪಂದ್ಯವೇ ತನ್ನ ಕೊನೆಯದು ಎಂದು ಎಲ್ಲರಿಗೂ ಹೇಳಿದ್ದ. ಅದನ್ನು ನೋಡಲು ಉತ್ತರದ ಊರಿನಿಂದ ಅವನ ಅಪ್ಪ ರೈಲಿನಲ್ಲಿ ಹೊರಟಿದ್ದರು.

"ಅವನ ಎಡಮಂಡಿ ಹೋಗಿದೆ ಮೇಷ್ಟ್ರೇ. ಅರ್ಧ ಆಟ ಆಗೋ ಹೊತ್ತಿಗೆ ಊದ್ಕೊಳ್ಳತ್ತೆ. ಭಾನುವಾರದವರು ಜಿಂಕೆ ಥರ ಓಡ್ತಾರೆ. ಅವನನ್ನ ಆಡಿಸಿದ್ರೆ ಸೋಲ್ತೀವಿ."

"ಆಡಿಸಬೇಡ."

"ಆಡಿಸಲ್ಲ. ಆಡೋರ ಪಟ್ಟಿ ಬರೆದಾಗಿದೆ." ಎಲೋಯ್ ಜೇಬಿನಿಂದ ಮಡಿಸಿದ ಹಾಳೆ ತೆಗೆದು ತೋರಿಸಿದ. ಹದಿನೆಂಟು ಹೆಸರುಗಳಿದ್ದವು. ಉರ್ಕೊನ ಹೆಸರಿರಲಿಲ್ಲ. "ಇವತ್ತು ಸಾಯಂಕಾಲ ಪ್ರಾಕ್ಟೀಸ್ ಮುಗಿಸಿ ಎಲ್ಲರೂ ಸ್ನಾನಕ್ಕೆ ಹೋದಾಗ ಬಾಗಿಲಿಗೆ ಅಂಟಿಸ್ತೀನಿ. ಬಟ್ಟೆ ಒಗೆಯೋ ಕೋಣೆಯಿಂದ ಹಿಂದಿನ ಬಾಗಿಲಿಗೆ ದಾರಿ ಇದೆ. ಹೊರಟುಬಿಡ್ತೀನಿ. ಯಾವಾಗಲೂ ಹಾಗೇ ಮಾಡೋದು. ನಿಮ್ಮಿಂದಲೇ ಕಲಿತಿದ್ದು."

ಮೇಷ್ಟ್ರು ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ಆದ್ರೆ ಈ ಸಲ ಮನಸ್ಸು ತಡೀತಾ ಇಲ್ಲ," ಎಂದ ಎಲೋಯ್. "ಅವನು ನನ್ನ ಗೆಳೆಯ. ಮೂರು ರಾತ್ರಿಯಿಂದ ನಿದ್ದೆ ಇಲ್ಲ. ನೀವು ಅವತ್ತು ನನ್ನನ್ನ ಹೊರಗಿಟ್ರಲ್ಲ, ಒಂದು ಮಾತೂ ಆಡದೆ, ಆ ಮೌನ ನಿಮಗೆ ಹೇಗೆ ಸಾಧ್ಯವಾಯ್ತು? ಅದನ್ನ ನನಗೆ ಕಲಿಸಿ."

ಮೇಷ್ಟ್ರು ನೀರಿನ ಕಾಲುವೆಯ ಕಟ್ಟೆಯ ಮೇಲೆ ಕುಳಿತರು.

"ಅವತ್ತಿನ ಕಥೆ ನೀನು ಹುಡುಗರಿಗೆ ಹೇಳ್ತೀಯಂತಲ್ಲ. ಹೇಗೆ ಹೇಳ್ತೀಯ? ಹೇಳು, ನಾನೂ ಕೇಳೋಣ."

ಎಲೋಯ್ ಕೈಯ ಮಣ್ಣು ಕೊಡವಿಕೊಂಡು ಹೇಳಿದ. ನೂರು ಸಲ ಹೇಳಿದ ಕಥೆ, ನಾಲಿಗೆಯ ತುದಿಯಲ್ಲೇ ಇತ್ತು.

"ನನಗೆ ಇಪ್ಪತ್ತು ವರ್ಷ. ಆ ವರ್ಷದ ಎಲ್ಲಾ ಪಂದ್ಯ ಆಡಿದ್ದೆ, ಒಂದೂ ತಪ್ಪಿಸಿರಲಿಲ್ಲ. ಇನ್ನೊಂದು ಗೆದ್ರೆ ತಂಡ ಮೊದಲನೇ ದರ್ಜೆಗೆ. ಹಿಂದಿನ ದಿನ ಬಾಗಿಲ ಮೇಲೆ ಪಟ್ಟಿ ನೋಡಿದೆ, ನನ್ನ ಹೆಸರಿಲ್ಲ. ಗುರುಗಳು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ತಂಡ ಗೆದ್ದಿತು. ಅವತ್ತು ನನಗೆ ಗೊತ್ತಾಯ್ತು, ತಂಡದ ಮುಂದೆ ನಾನು ಅನ್ನೋದು ಯಾವ ಲೆಕ್ಕ. ಗುರುಗಳು ಮಾತಲ್ಲಿ ಹೇಳಿದ್ರೆ ಕಿವಿಗೆ ಹೋಗ್ತಿತ್ತು. ಮೌನದಲ್ಲಿ ಹೇಳಿದ್ರು, ಎದೆಗೆ ಹೋಯ್ತು."

"ಚೆನ್ನಾಗಿದೆ," ಎಂದರು ಮೇಷ್ಟ್ರು. "ಯಾರಿಗೆ ಹೇಳ್ತೀಯ ಇದನ್ನ?"

"ಪಟ್ಟಿಯಿಂದ ಬಿಟ್ಟವರಿಗೆ. ಪಂದ್ಯ ಮುಗಿದು ಎರಡು ದಿನ ಕಳೆದ ಮೇಲೆ."

"ಅವರು ಏನಂತಾರೆ?"

"ಏನೂ ಅನ್ನಲ್ಲ."

"ಆಮೇಲೆ ಯಾವತ್ತಾದ್ರೂ ನಿನ್ನ ನೋಡೋಕೆ ಬಂದಿದಾರಾ? ಒಬ್ಬನಾದ್ರೂ? ನೀನು ಇಲ್ಲಿಗೆ ಬರ್ತೀಯಲ್ಲ, ಹಾಗೆ?"

ಎಲೋಯ್ ಯೋಚಿಸಿದ. ಆರು ಊರಿನ ಮುಖಗಳನ್ನು ಒಂದೊಂದಾಗಿ ನೆನೆದ. ಯಾರೂ ಬಂದಿರಲಿಲ್ಲ. ಒಂದು ಫೋನ್ ಕೂಡ ಬಂದಿರಲಿಲ್ಲ. ಈ ವಿಷಯ ಇದುವರೆಗೆ ತನಗೆ ಹೊಳೆದೇ ಇರಲಿಲ್ಲವಲ್ಲ ಎಂದು ಅವನಿಗೆ ಕಸಿವಿಸಿಯಾಯಿತು.

"ಹಿಂದಿನ ದಿನ ಮಳೆ ಬಂದಿತ್ತು," ಎಂದರು ಮೇಷ್ಟ್ರು.

"ಯಾವಾಗ?"

"ನಿನ್ನ ಬಿಟ್ಟೆನಲ್ಲ, ಆಗ. ಮೈದಾನದಲ್ಲಿ ನೀರು ನಿಂತಿತ್ತು. ಒದ್ದೆ ನೆಲದಲ್ಲಿ ನೀನು ನಿಧಾನ ಅನ್ನಿಸ್ತು. ಬೇರೆಯವನ ಹೆಸರು ಬರೆದು ಅಂಟಿಸಿದೆ."

ಎಲೋಯ್ ಮುಂದಿನ ಮಾತಿಗೆ ಕಾದ.

"ಅಷ್ಟೇ ಕಣೋ."

"ಅಷ್ಟೇ ಅಂದ್ರೆ?"

"ಅಷ್ಟೇ ಅಂದ್ರೆ ಅಷ್ಟೇ. ಮಾರನೇ ದಿನ ಬೆಳಗ್ಗೆ ಬಿಸಿಲು ಬಂತು. ಹತ್ತು ಗಂಟೆಗೆ ಹೋಗಿ ಕಾಲಿಟ್ಟು ನೋಡಿದೆ, ನೆಲ ಒಣಗಿತ್ತು. ಪಟ್ಟಿ ಬದಲಾಯಿಸೋಕೆ ಸಮಯ ಇತ್ತು. ಆದ್ರೆ ಬದಲಾಯಿಸಬೇಕಾದ್ರೆ ನಿನ್ನ ಹತ್ರ ಬರಬೇಕು, ನಿನ್ನ ಮುಖ ನೋಡಬೇಕು. ನೀನು ಮೆಟ್ಟಿಲ ಮೇಲೆ ಕೂತಿದ್ದೆ. ನಾನು ಒಗೆಯೋ ಕೋಣೆಯಿಂದ ಹಿಂದಕ್ಕೆ ಹೋದೆ."

ನೀರು ಕಾಲುವೆಯಲ್ಲಿ ಹರಿಯುತ್ತಿತ್ತು. ಎಲೋಯ್ ಅದನ್ನೇ ನೋಡಿದ. ಮರುವರ್ಷ ತಂಡ ಮೊದಲನೇ ದರ್ಜೆಗೆ ಹೋಗಿ ಹೊಸ ಆಟಗಾರರನ್ನು ತಂದಿತ್ತು, ಅವನನ್ನು ಕೆಳಗಿನ ತಂಡಕ್ಕೆ ಕಳಿಸಿತ್ತು. ಆಮೇಲೆ ಆಡಿದ ಅಷ್ಟೂ ವರ್ಷದಲ್ಲಿ ಒಂದು ದಿನವೂ ಅವನು ಮೊದಲನೇ ದರ್ಜೆಯ ಮೈದಾನಕ್ಕೆ ಇಳಿಯಲಿಲ್ಲ.

"ಇಲ್ಲ ಮೇಷ್ಟ್ರೇ," ಎಂದ. "ನನ್ನನ್ನ ಪರೀಕ್ಷೆ ಮಾಡ್ತಿದೀರಿ. ಏನೋ ಒಂದು ಇದ್ದೇ ಇರತ್ತೆ."

"ಇರಲಿಲ್ಲ."

"ನನ್ನ ಅಹಂಕಾರ ಮುರಿಯೋಕೆ ಇರಬಹುದು."

"ನಿನಗೆ ಎಲ್ಲಿತ್ತು ಅಹಂಕಾರ? ಬೈದ್ರೂ ತಲೆ ಎತ್ತದ ಹುಡುಗ ನೀನು. ಅದಕ್ಕೇ ನಿನ್ನ ಬಿಡೋದು ಸುಲಭ ಆಯ್ತು."

ಎಲೋಯ್ ಎದ್ದ. ಮಂಡಿಗೆ ಮೆತ್ತಿದ ಕೆಸರನ್ನು ಒರೆಸಿಕೊಳ್ಳಲಿಲ್ಲ. ಅವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು, ಇಪ್ಪತ್ತರ ಹುಡುಗನಿಗೆ ಬರಬೇಕಾಗಿದ್ದ ಸಿಟ್ಟು. ಎಂಬತ್ತೆರಡರ ಮುದುಕರ ಮೇಲೆ ಅದನ್ನು ತೀರಿಸಿಕೊಳ್ಳುವ ಹಾಗೂ ಇರಲಿಲ್ಲ.

"ಇಪ್ಪತ್ತೈದು ವರ್ಷ," ಎಂದ. "ಬಂದಾಗಲೆಲ್ಲ ಇದೇ ಜಾಗದಲ್ಲಿ ಕೂತು, ನನ್ನ ಬದುಕಿನ ದೊಡ್ಡ ಪಾಠ ನಿಮ್ಮದು ಅಂದೆ. ಒಂದು ಸಲ ಬಾಯಿ ಬಿಡಬಹುದಿತ್ತು ನೀವು."

"ಬಿಡಬಹುದಿತ್ತು."

"ಯಾಕೆ ಬಿಡಲಿಲ್ಲ?"

"ಗುರು ಅನ್ನಿಸಿಕೊಳ್ಳೋದು ಚೆನ್ನಾಗಿತ್ತು ಕಣೋ. ನನ್ನನ್ನ ಬೇರೆ ಯಾರೂ ಹಾಗೆ ಅನ್ನಲಿಲ್ಲ."

ಎಲೋಯ್ ಕೋಟು ಎತ್ತಿಕೊಂಡು ಕಾರಿನ ಕಡೆಗೆ ನಡೆದ. ಬಾಗಿಲು ತೆಗೆದು ಕುಳಿತ. ಕೀಲಿ ಹಾಕಿದ, ತಿರುಗಿಸಲಿಲ್ಲ.

ಉರ್ಕೊ ಇವತ್ತೂ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬಂದು ಬೆಂಚಿನ ಮೇಲೆ ಕೂತು ಮಂಡಿಗೆ ಬ್ಯಾಂಡೇಜ್ ಸುತ್ತಿಕೊಳ್ಳುತ್ತಾನೆ. ಅಪ್ಪನ ರೈಲು ಎಷ್ಟು ಹೊತ್ತಿಗೆ ಎಂದು ಎಲ್ಲರಿಗೂ ಹೇಳುತ್ತಾನೆ. ಸ್ನಾನ ಮುಗಿಸಿ ಬಂದು, ಒದ್ದೆ ತಲೆಯಲ್ಲಿ ಬಾಗಿಲ ಮುಂದೆ ನಿಂತು, ಮೇಲಿನಿಂದ ಕೆಳಗೆ ಒಮ್ಮೆ ಓದುತ್ತಾನೆ. ಕಣ್ತಪ್ಪಿತೇನೋ ಎಂದು ಇನ್ನೊಮ್ಮೆ ಓದುತ್ತಾನೆ. ಎಲೋಯ್‌ಗೆ ಅದು ಗೊತ್ತಿತ್ತು. ಅವನೂ ಎರಡು ಸಲ ಓದಿದ್ದ. ಈ ಮಾತನ್ನು ಮಾತ್ರ ಅವನು ಕಥೆಯಲ್ಲಿ ಯಾವತ್ತೂ ಸೇರಿಸಿರಲಿಲ್ಲ.

ಅವನು ಕಾರಿನಿಂದ ಇಳಿದು ವಾಪಸ್ಸು ಬಂದ. ಮೇಷ್ಟ್ರು ಕಟ್ಟೆಯ ಮೇಲೆ ಹಾಗೇ ಕುಳಿತಿದ್ದರು. ಮೊದಲಿಗಿಂತ ಚಿಕ್ಕವರಾಗಿ ಕಂಡರು.

"ಉರ್ಕೊಗೆ ಏನು ಹೇಳಲಿ?" ಎಂದು ಕೇಳಿದ.

"ಅವನನ್ನ ಆಡಿಸ್ತೀಯಾ?"

"ಇಲ್ಲ. ಮಂಡಿ ಆಗಲ್ಲ. ಅವನೊಬ್ಬನಿಗೋಸ್ಕರ ಉಳಿದವರನ್ನೆಲ್ಲ ಮುಳುಗಿಸೋಕಾಗಲ್ಲ."

"ಮತ್ತೆ ಗೊತ್ತಿದೆಯಲ್ಲ ಏನು ಹೇಳಬೇಕು ಅಂತ."

"ಅವನಿಗೆ ನೋವಾಗದ ಹಾಗೆ ಹೇಗೆ ಹೇಳೋದು?"

"ಆಗೇ ಆಗತ್ತೆ."

"ಬೈದ್ರೆ?"

"ಬೈಸಿಕೋ."

"ಏನೂ ಅನ್ನದೆ ಸುಮ್ಮನೆ ನೋಡ್ತಾ ನಿಂತುಬಿಟ್ರೆ? ನನಗೆ ಅದೇ ಹೆದರಿಕೆ. ಅಪ್ಪ ಬರೋದು ಬೇಡ ಅಂತ ನನ್ನ ಎದುರಿಗೇ ಫೋನ್ ಮಾಡಿದ್ರೆ? ಮೇಷ್ಟ್ರೇ, ಹೇಗೆ ನಿಂತುಕೊಳ್ಳಬೇಕು, ಯಾವ ಮಾತಿಂದ ಶುರು ಮಾಡಬೇಕು, ಅದನ್ನಾದ್ರೂ ಹೇಳಿಕೊಡಿ. ಇಷ್ಟು ವರ್ಷದಲ್ಲಿ ಒಬ್ಬನಿಗೂ ಎದುರು ನಿಂತು ಹೇಳಿಲ್ಲ ನಾನು. ಯಾರೂ ಹೇಳಿದ್ದನ್ನ ನೋಡಿಯೂ ಇಲ್ಲ."

ಮೇಷ್ಟ್ರು ಕೋಲು ಊರಿ ಎದ್ದರು. ಎಲೋಯ್ ಹಿಡಿಯಲು ಹೋದಾಗ ಬೇಡವೆಂದು ಕೈ ಅಡ್ಡ ಮಾಡಿದರು.

ಅವರು ಕ್ಯಾರೆಟ್ ಪಾತಿಯನ್ನು ಸುತ್ತಿ ಬಂದು ಎದುರಿಗೆ ನಿಂತರು. ಉಸಿರು ಕೇಳುವಷ್ಟು ಹತ್ತಿರ. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಅವರ ಕಣ್ಣು ಒಂದು ಸಲ ನದಿಯ ಕಡೆಗೆ ಜಾರಿತು. ಅಲ್ಲಿಂದ ಅದನ್ನು ಎಳೆದು ತಂದು ಶಿಷ್ಯನ ಮುಖದ ಮೇಲೆ ನಿಲ್ಲಿಸಿದರು.

"ಎಲೋಯ್," ಎಂದರು, "ನಾಳೆ ನೀನು ಆಡ್ತಾ ಇಲ್ಲ ಮಗಾ."