ಬೆನಕನಿಗೊಂದು ಹಲಗೆ

"ಗುರುಗಳೇ, ನೆಟ್ಟಗೆ ಓಡುವ ಪ್ರೋಗ್ರಾಂ ಕೆಲವು ದಿನ ಮಾತ್ರ ಯಾಕೆ ಕುಸಿಯುತ್ತದೆ?" ಎಂದು ಮೈಲಾರಿ ಕೇಳಿದ. "ಸಂಖ್ಯೆಗಳನ್ನು ಮೆಮೊರಿಯಲ್ಲಿ ಸಾಲಾಗಿ ಜೋಡಿಸುವವನು ನಾನು. ಎಲ್ಲಿಂದ ಬಂದವು ಎಂದು ತಿಳಿಯಲಿ ಅಂತ ಕೆಲವು ಸಾಲುಗಳ ತಲೆಗೆ ಒಂದು ಪುಟ್ಟ ಗುರುತನ್ನೂ ಇಡುತ್ತೇನೆ. ಎಂಟೆಂಟನ್ನು ಒಟ್ಟಿಗೆ ಎತ್ತಿ ಲೆಕ್ಕ ಮಾಡುವ ಭಾಗ ದಾಕ್ಷಾಯಿಣಿಯದು. ಕುಸಿಯುವುದು ಯಾವಾಗಲೂ ಅವಳು ಬರೆದ ಕಡೆಯಲ್ಲೇ. ನಿನ್ನೆ ಎಲ್ಲರೆದುರು ಬೈದೆ. ಇವತ್ತು ಅವಳು ಊಟಕ್ಕೂ ಬರಲಿಲ್ಲ."

ಗುರುಗಳು ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಹಲಗೆಗಳನ್ನು ಒಂದಕ್ಕೊಂದು ತಾಗಿಸಿ ಹಾಸಿ, ಮೇಲೆ ಬೂದಿ ಚಿಮುಕಿಸಿ, ಬಟ್ಟಲುಗಳನ್ನು ಸಾಲಾಗಿ ಒಣಗಲು ಇಡುತ್ತಿದ್ದ. ಹಲಗೆಗೆ ಸರಿಯಾಗಿ ಎಂಟು. ಸಂಜೆ ಹೆಂಡತಿ ಬಂದು ಹಲಗೆಯನ್ನೇ ಎತ್ತಿ ಒಳಗೆ ಒಯ್ಯುತ್ತಿದ್ದಳು. ಅವಳಿಗೆ ಆಗ ಐದು ತಿಂಗಳು.

ಹೆರಿಗೆ ಸುಸೂತ್ರವಾಗಲಿ ಎಂದು, ಹೊಸ ಮಣ್ಣು ತುಳಿದ ದಿನಗಳಲ್ಲಿ ಕುಂಬಾರ ಸಾಲಿನ ಮೊದಲಿಗೆ ಹಿಡಿಮಣ್ಣಿನ ಬೆನಕನನ್ನು ಕೂರಿಸಿ ಗರಿಕೆ ಸಿಕ್ಕಿಸುತ್ತಿದ್ದ. ಬೆನಕ ಹಿಡಿಯುತ್ತಿದ್ದುದು ಅರ್ಧ ಬಟ್ಟಲಿನ ಜಾಗ. ಆ ದಿನಗಳಲ್ಲೇ ಅವಳು ಹಲಗೆ ಎತ್ತಿದೊಡನೆ ಕೊನೆಯ ಬಟ್ಟಲು ಉರುಳಿ ಒಡೆಯುತ್ತಿತ್ತು.

"ನಿನಗೆ ಕೆಲಸದ ಮೇಲೆ ನಿಗಾ ಇಲ್ಲ. ತವರಿಗೆ ಹೋಗಿಬಿಡು," ಎಂದ.

"ಒಂದೊಂದೇ ಎತ್ತುತ್ತೇನೆ. ಕಳಿಸಬೇಡಿ," ಎಂದಳು.

ಒಂದೊಂದೇ ಎತ್ತಿದಳು. ಒಂದೂ ಒಡೆಯಲಿಲ್ಲ. ಆದರೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡು, ಪಾಪ, ಮೂರನೆಯ ದಿನ ಮೇಲೇಳಲಾಗಲಿಲ್ಲ. ಅಂದು ಹೊಸ ಮಣ್ಣಿನ ದಿನ. ಕುಂಬಾರ ತಾನೇ ಹಲಗೆ ಎತ್ತಿದ. ಬಟ್ಟಲು ಉರುಳಿತು. ಅವಳ ಕೈಗೆ ಬುದ್ಧಿ ಹೇಳಿದವನ ಕೈಯಿಂದಲೇ ಉರುಳಿತು ನೋಡು! ಆಗ ಬೂದಿ ಸರಿಸಿ, ಅದರಡಿ ಮುಚ್ಚಿಹೋಗಿದ್ದ ಹಲಗೆಗಳ ಸಂದು ನೋಡಿದ. ಬೆನಕನ ದೆಸೆಯಿಂದ ಸಾಲೆಲ್ಲ ಅರ್ಧ ಜರುಗಿ, ಪ್ರತಿ ಹಲಗೆಯ ಕೊನೆಯ ಬಟ್ಟಲು ಎರಡು ಹಲಗೆಗಳ ಮೇಲೆ ಕೂತಿತ್ತು.

ಅವನಿಗೆ ಅಳು ಬಂತು. ಅವಳಿಗಾಗಿ ಇಟ್ಟದ್ದೇ ಅವಳನ್ನು ಅಳಿಸಿತ್ತು. ಬೆನಕನನ್ನು ತೆಗೆಯಲಿಲ್ಲ. ಅವನಿಗೇ ಒಂದು ಇಡೀ ಹಲಗೆ ಬಿಟ್ಟುಕೊಟ್ಟು, ಬಟ್ಟಲುಗಳನ್ನು ಮುಂದಿನ ಹಲಗೆಯ ಅಂಚಿನಿಂದ ಶುರುಮಾಡಿದ. ಆಮೇಲೆ ಒಳಗೆ ಹೋಗಿ ಹೆಂಡತಿಯ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾ ಕೂತ.

"ಹಾಗಾದರೆ ನಾನು ಇಟ್ಟ ಗುರುತು..." ಎಂದ ಮೈಲಾರಿ.

"ಅದಕ್ಕೆ ಜಾಗ ಆಮೇಲೆ ಮಾಡುವೆಯಂತೆ, ಮೊದಲು ಹೋಗಿ ದಾಕ್ಷಾಯಿಣಿಯನ್ನು ಊಟಕ್ಕೆ ಕರೆ."